24 ದಿನದ ಕೂಸು, ಬೆಂಗಳೂರಿಂದ ಮುಳಗುಂದ: ಹೇಗೆ ಬರೋದು, ಯಾರಾದರೂ ಹೇಳ್ರಿ

ಮುಳಗುಂದದ ಮಗಳು

ಎಲ್ಲರಿಗೂ ನಮಸ್ಕಾರ. ನನಗೆ ಬೆಂಗಳೂರಿನಲ್ಲಿ ಹೆರಿಗೆ ಆಯಿತು. ಹೆಣ್ಣು ಕೂಸು. ಇವತ್ತಿಗೆ 24 ದಿನ. ಆಪರೇಷನ್ ಆಗಿದೆ. ಏಳನೇ ತಿಂಗಳಲ್ಲೇ ತವರಿಗೆ ಬರಬೇಕಿತ್ತು. ಬಿಪಿ ಜಾಸ್ತಿ ಇದೆ, ಓಡಾಟ ಬೇಡ ಎಂದು ಡಾಕ್ಟರ್ ಹೇಳಿದರು. ಹಾಗಾಗಿ ಇಲ್ಲೇ ಉಳಿದೆ. ಅವ್ವನೇ ಬಂದು ಬಾಣಂತನ ಮಾಡಿದಳು.

ಈಗ ಊರಲ್ಲಿ ಅಪ್ಪ ಬಚ್ಚಲಲ್ಲಿ ಬಿದ್ದು ಕಾಲು ಮುರಿದುಕೊಂಡಿದ್ದಾರೆ. ಅವ್ವ ನಾಲ್ಕು ದಿನದ ಹಿಂದೆ ಊರಿಗೆ ಹೋದಳು. ಇವರ ರಜೆಯೂ ಮುಗಿಯಿತು. ಬೆಳಗ್ಗೆ ಎಂಟಕ್ಕೆ ಇವರು ಹೋದರೆ ರಾತ್ರಿ ಎಂಟರ ತನಕ ನಾನು, ಕೂಸು ಇಬ್ಬರೇ. ನಿನ್ನೆ ಮಧ್ಯಾಹ್ನ ಮೂರರವರೆಗೆ ನನಗೆ ಊಟ ಮಾಡಲು ಆಗಲಿಲ್ಲ. ಕೂಸು ಅಳುತ್ತಿತ್ತು, ನಾನೂ ಅಳುತ್ತಿದ್ದೆ.

ಊರಿಗೆ ಹೋಗೋಣ ಅಂತ ಅನ್ನಿಸಿದೆ. ಮುಳಗುಂದ ಇಲ್ಲಿಂದ ಸುಮಾರು 400 ಕಿಲೋಮೀಟರ್. ಕಾರಾದರೆ ಚಿತ್ರದುರ್ಗ, ದಾವಣಗೆರೆ, ಹಾವೇರಿ ದಾಟಿ ಸವಣೂರು, ಲಕ್ಷ್ಮೇಶ್ವರದ ಮೇಲೆ ಬರಬೇಕು. ರೈಲಾದರೆ ಹುಬ್ಬಳ್ಳಿ ತನಕ, ಅಲ್ಲಿಂದ ಮತ್ತೆ ಗಾಡಿ. ಇವರು ವಿಮಾನದಲ್ಲಿ ಹೋಗೋಣ ಅಂತಾರೆ. ಅತ್ತೆ ಮಾತ್ರ ಮೂರು ತಿಂಗಳು ತುಂಬೋ ತನಕ ಕೂಸು ಹೊಳೆ ದಾಟಬಾರದು ಅಂತಾರೆ. ಬಿಸಿಲು ಬೇರೆ ಏರುತ್ತಿದೆ.

ಇಷ್ಟು ಎಳೆ ಕೂಸನ್ನು ಕರೆದುಕೊಂಡು ದೂರ ಬಂದವರು ಯಾರಾದರೂ ಇದ್ದೀರಾ? ಯಾವುದರಲ್ಲಿ ಬಂದಿರಿ? ಎಷ್ಟು ಹೊತ್ತಿಗೆ ಬಿಟ್ಟಿರಿ? ದಾರಿಯಲ್ಲಿ ಹಾಲು ಕುಡಿಸೋದು ಹೇಗೆ?

ನವನಗರ ವೈನಿ

ತಂಗೀ, ಮೊದಲು ಹೊಟ್ಟೆ ತುಂಬ ಊಟ ಮಾಡು. ಪಕ್ಕದ ಮನೆಯವರನ್ನು ಅರ್ಧ ತಾಸು ಕೂಸು ಎತ್ತಿಕೊಳ್ಳಲು ಕೇಳು. ಯಾರೂ ಇಲ್ಲ ಅನ್ನಲ್ಲ.

ನಾನು 40 ದಿನದ ಮಗನನ್ನು ಕರೆದುಕೊಂಡು ಬೆಂಗಳೂರಿಂದ ಹುಬ್ಬಳ್ಳಿಗೆ ವಂದೇ ಭಾರತ್ ರೈಲಿನಲ್ಲಿ ಬಂದೆ. ಧಾರವಾಡಕ್ಕೆ ಆ ರೈಲು 2023ರ ಜೂನ್‌ನಲ್ಲಿ ಶುರುವಾಯಿತಲ್ಲ, ಅದಾದ ಮುಂದಿನ ವರ್ಷ. ಬೆಳಗಿನ ಜಾವ ಬಿಟ್ಟಿತು, ಮಧ್ಯಾಹ್ನದ ಊಟದ ಹೊತ್ತಿಗೆ ಮನೆಯಲ್ಲಿದ್ದೆವು. ಕುಲುಕಾಟ ಕಡಿಮೆ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಆದರೆ ಕೂಸಿಗೆ ಜಾಗವೂ ಇರಲ್ಲ. ಐದು ತಾಸಿಗೂ ಹೆಚ್ಚು ಹೊತ್ತು ತೊಡೆಯ ಮೇಲೆ. ಕುರ್ಚಿ ಬೋಗಿ, ಮಲಗಲು ಆಗಲ್ಲ. ಇಳಿಯೋ ಹೊತ್ತಿಗೆ ನನ್ನ ಬೆನ್ನು ಕಟ್ಟಿಗೆ ಆಗಿತ್ತು.

ಕಿಟಕಿ ಪಕ್ಕದ ಸೀಟು ತಗೋ. ಹಾಲು ಕುಡಿಸುವಾಗ ಸೆರಗು ಮುಚ್ಚಿಕೊಂಡು ಆ ಕಡೆ ತಿರುಗಬಹುದು. ಎಸಿ ಗಾಳಿ ನೇರ ನೆತ್ತಿಯ ಮೇಲೆ ಬೀಳುತ್ತದೆ. ಕುಲಾವಿ, ಕುಂಚಿಗೆ ಕೈಯಲ್ಲೇ ಇರಲಿ, ದೊಡ್ಡ ಬ್ಯಾಗಿನ ತಳದಲ್ಲಿ ಬೇಡ.

ಇನ್ನೊಂದು ಮಾತು. ಹುಬ್ಬಳ್ಳಿ ಸ್ಟೇಷನ್ ಬಹಳ ಉದ್ದ ಆಗಿದೆ. 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇರೋದು ಅಲ್ಲೇ. ಜಗತ್ತಿನಲ್ಲೇ ಉದ್ದನೆಯದು. ಎಲ್ಲ ರೈಲೂ ಅದರ ಮೇಲೆ ಬರಲ್ಲ, ಆದರೆ ನಿನ್ನ ಬೋಗಿ ಗೇಟಿನಿಂದ ದೂರ ನಿಂತರೆ ನಡಿಗೆ ಜಾಸ್ತಿ. ನನಗೂ ಆಪರೇಷನ್ ಆಗಿತ್ತು. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈ ಹೊಲಿಗೆಯ ಮೇಲೆ. ಅರ್ಧ ದಾರಿಯಲ್ಲಿ ಕಲ್ಲು ಬೆಂಚಿನ ಮೇಲೆ ಕೂತುಬಿಟ್ಟೆ. ನಮ್ಮ ಮಾಮಾ ಓಡಿ ಹೋಗಿ ಗಾಲಿ ಕುರ್ಚಿ ತಂದರು. ನೀನು ಮೊದಲೇ ಹೇಳಿ ಇಟ್ಟುಕೋ. ಕರೆಯಲು ಬರುವವರು ಗೇಟಿನ ಹೊರಗೆ ನಿಲ್ಲೋದು ಬೇಡ, ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆಸಿ ಬೋಗಿಯ ಬಾಗಿಲಿಗೇ ಬರಲಿ.

ಹುಬ್ಬಳ್ಳಿ ನರ್ಸಕ್ಕ

ತಂಗೀ, ನಾನು ಎಳೆ ಕೂಸುಗಳ ವಾರ್ಡಿನಲ್ಲಿ 16 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಬರಬೇಡ ಅನ್ನಲ್ಲ. ಹನ್ನೆರಡು ತಾಸು ಒಬ್ಬಳೇ ಹಸಿದು ಕೂರೋದಕ್ಕಿಂತ ಅವ್ವನ ಹತ್ತಿರ ಇರೋದೇ ಮೇಲು. ಆದರೆ ಹೊರಡೋ ಮೊದಲು ಇಬ್ಬರೂ ಡಾಕ್ಟರ್ ಹತ್ತಿರ ಹೋಗಿ ಬನ್ನಿ.

ಕೂಸಿನ ತೂಕ ಹಾಕಿಸು. ಹುಟ್ಟಿದ ಮೊದಲ ದಿನಗಳಲ್ಲಿ ಎಲ್ಲ ಕೂಸುಗಳೂ ಸ್ವಲ್ಪ ಇಳಿಯುತ್ತವೆ. ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬರಬೇಕು. 24 ದಿನಕ್ಕೂ ಬಂದಿಲ್ಲ ಅಂದ್ರೆ ಪ್ರಯಾಣ ಆಮೇಲೆ, ಮೊದಲು ಹಾಲು ಯಾಕೆ ಸಾಲುತ್ತಿಲ್ಲ ನೋಡಬೇಕು. ನಿನ್ನ ಬಿಪಿಯನ್ನೂ ನೋಡಿಸು. ಹೆರಿಗೆ ಆಯಿತು, ಬಿಪಿ ಹೋಯಿತು ಅಂತ ಎಷ್ಟೋ ಜನ ತಿಳಿದುಕೊಂಡಿದ್ದಾರೆ. ಹೆರಿಗೆ ಆದ ಮೇಲೂ ಕೆಲವು ವಾರ ಏರಬಹುದು. ತಲೆ ಸಿಡಿಯೋದು, ಕಣ್ಣು ಮಂಜಾಗೋದು ಇದ್ದರೆ ಹೊರಡಲೇ ಬೇಡ.

ಬಾಣಂತಿಗೆ ರಕ್ತ ಹೆಪ್ಪುಗಟ್ಟೋ ಸಾಧ್ಯತೆ ಮೊದಲ ಆರು ವಾರ ಜಾಸ್ತಿ. ಆಪರೇಷನ್ ಆದವರಿಗೆ ಇನ್ನೂ ಜಾಸ್ತಿ. ಕಾಲು ಮಡಚಿಕೊಂಡು ಐದಾರು ತಾಸು ಕೂರಬಾರದು. ಒಂದೂವರೆ, ಎರಡು ತಾಸಿಗೊಮ್ಮೆ ಇಳಿದು ಐದು ನಿಮಿಷ ನಡಿ. ನೀರು ಕುಡಿ. ಒಂದೇ ಕಾಲಿನ ಮೀನಖಂಡ ಬಾತು ನೋಯುತ್ತಿದ್ದರೆ ತಡ ಮಾಡಬೇಡ. ಪ್ಯಾಡ್ ಒಂದೇ ತಾಸಿನಲ್ಲಿ ಪೂರ್ತಿ ನೆನೆದರೂ ಅಷ್ಟೇ, ಹತ್ತಿರದ ಆಸ್ಪತ್ರೆಗೆ ಗಾಡಿ ತಿರುಗಿಸು.

ವಿಮಾನ ಒಂದು ತಾಸಿನದು, ನಿಜ. ಆದರೆ ಬೆಂಗಳೂರಲ್ಲಿ ಮನೆಯಿಂದ ಏರ್‌ಪೋರ್ಟ್‌ಗೆ, ಅಲ್ಲಿ ಕಾಯೋದು, ಹುಬ್ಬಳ್ಳಿಯಿಂದ ಮತ್ತೆ ಊರಿಗೆ, ಎಲ್ಲ ಸೇರಿ ಅರ್ಧ ದಿನ ಆಗುತ್ತದೆ. ಕೂಸಿನ ಹುಟ್ಟಿದ ದಾಖಲೆ ಕೇಳುತ್ತಾರೆ, ಡಿಸ್ಚಾರ್ಜ್ ಕಾರ್ಡ್ ಇಟ್ಟುಕೊಳ್ಳಬೇಕು. ಏರುವಾಗ, ಇಳಿಯುವಾಗ ಎದೆಗೆ ಹಾಕಿಕೊಂಡರೆ ಕಿವಿ ನೋವು ಅಷ್ಟು ಕಾಡಲ್ಲ. ಖರ್ಚು ತಡೆಯೋದಾದರೆ ಅದೂ ಒಳ್ಳೆಯದೇ.

ಸಪ್ತಾಪುರ ಅಜ್ಜಿ

ನನ್ನ ಮೊಮ್ಮಗಳು ಟೈಪ್ ಮಾಡಿ ಕೊಡುತ್ತಿದ್ದಾಳೆ. ಮಗಾ, ನಿಮ್ಮ ಅತ್ತೆ ಹೇಳೋದರಲ್ಲಿ ತಪ್ಪಿಲ್ಲ. ಹಿಂದೆ ಹೊಳೆ ಅಂದ್ರೆ ಹರಿಗೋಲು, ಗಾಳಿ, ಥಂಡಿ. ಹಸಿ ಬಾಣಂತಿ ನೆನೆದರೆ ಉಳಿಯೋದು ಕಷ್ಟ ಇತ್ತು. ಅದಕ್ಕೆ ಆ ಮಾತು ಬಂದಿದ್ದು. ಈಗ ಹರಿಹರದಲ್ಲಿ ದೊಡ್ಡ ಸೇತುವೆ ಇದೆ. ತುಂಗಭದ್ರವ್ವನಿಗೆ ಕೈ ಮುಗಿದು, ಅರಿಶಿನ ಕುಂಕುಮ ಎತ್ತಿಟ್ಟು ದಾಟಿದರೆ ಆಯಿತು. ಅತ್ತೆಗೂ ಸಮಾಧಾನ.

ದಾರಿಗೆ ಬುತ್ತಿ ಮನೆಯದೇ ಇರಲಿ. ಅಂಟಿನ ಉಂಡಿ ನಾಲ್ಕು ಕಟ್ಟಿಕೋ. ರೊಟ್ಟಿ, ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಚಟ್ನಿ ಪುಡಿ. ಹೋಟೆಲಿನದು ತಿಂದು ಹೊಟ್ಟೆ ಕೆಟ್ಟರೆ ಬಾಣಂತಿಗೆ ತಡೆಯಲ್ಲ. ಕೂಸಿಗೆ ಕಾಯಿಸಿ ಆರಿಸಿದ ನೀರು ಎರಡು ಚಮಚೆ ಇರಲಿ, ಬಿಸಿಲಿಗೆ ಗಂಟಲು ಒಣಗುತ್ತದೆ. ಗಾಡಿಯಲ್ಲಿ ಕೂಸು ಮಲಗಿದರೆ ಎಬ್ಬಿಸಬೇಡ. ಮಲಗಿದ ಕೂಸು, ಕುದಿಯೋ ಹಾಲು ಮುಟ್ಟಬಾರದು ಅಂತ ನಮ್ಮವ್ವ ಹೇಳುತ್ತಿದ್ದಳು. ಅದು ಮಲಗಿದಷ್ಟೂ ಬೆಳೆಯುತ್ತದೆ.

ರಾಣೇಬೆನ್ನೂರು ಅಪ್ಪ

ಅಜ್ಜೀ, ನಿಮ್ಮ ಮಾತಿಗೆ ಎದುರು ಹೇಳುತ್ತಿದ್ದೇನೆ ಅಂತ ತಿಳಿಯಬೇಡಿ. ಕೊನೆಯ ಆ ಒಂದು ಮಾತಿನ ಬಗ್ಗೆ ಮಾತ್ರ ಹೇಳಬೇಕು. ನಮಗೆ ಅದೇ ಆಗಿದ್ದು.

ನನ್ನ ಮಗ ಹುಟ್ಟಿದ್ದು ಬೆಂಗಳೂರಿನಲ್ಲೇ. 11ನೇ ದಿನಕ್ಕೆ ಊರಿಗೆ ಹೊರಟೆವು. 13ಕ್ಕೆ ತೊಟ್ಟಿಲು ಇಟ್ಟುಕೊಂಡಿದ್ದರು, ಮಂದಿಗೆಲ್ಲ ಹೇಳಿ ಆಗಿತ್ತು. ಮೇ ತಿಂಗಳು. ಬೆಳಗ್ಗೆ ಆರಕ್ಕೆ ಬಿಡಬೇಕು ಅಂದುಕೊಂಡವರು ಬಿಟ್ಟಿದ್ದು ಒಂಬತ್ತೂವರೆಗೆ. ನೆಲಮಂಗಲ ದಾಟೋ ಹೊತ್ತಿಗೆ ಮಗ ಮಲಗಿದ. ತುಮಕೂರು ಬಂತು, ಶಿರಾ ಬಂತು, ಮಲಗೇ ಇದ್ದ. ನಮಗೆಲ್ಲ ಖುಷಿ. ಎಷ್ಟು ಒಳ್ಳೆ ಕೂಸು, ಒಂದು ಚೂರು ತೊಂದರೆ ಕೊಡಲ್ಲ ಅಂತ ಫೋನಿನಲ್ಲಿ ಅಕ್ಕನಿಗೂ ಹೇಳಿದೆ. ಹಿರಿಯೂರಲ್ಲಿ ಊಟಕ್ಕೆ ನಿಲ್ಲಿಸಿದೆವು. ಎಬ್ಬಿಸಿ ಹಾಲು ಕುಡಿಸಲಾ ಅಂತ ಹೆಂಡತಿ ಕೇಳಿದಳು. ನಾನೇ ಬೇಡ ಅಂದೆ. ಎಬ್ಬಿಸಿದರೆ ದಾರಿ ಉದ್ದಕ್ಕೂ ಅಳುತ್ತಾನೆ, ಸುಮ್ನೆ ಮಲಗಲಿ ಅಂದೆ.

ಚಿತ್ರದುರ್ಗ ದಾಟಿದ ಮೇಲೆ ಅವಳೇ ತಡೆಯದೆ ಎತ್ತಿ ಎದೆಗೆ ಹಾಕಿಕೊಂಡಳು. ಕುಡಿಯಲಿಲ್ಲ. ಬಾಯಿ ತೆರೆದು ಹಾಗೇ ಇದ್ದ. ಡೈಪರ್ ಬಿಚ್ಚಿದರೆ ಬೆಳಗ್ಗೆ ಹಾಕಿದ್ದು ಹೆಚ್ಚುಕಡಿಮೆ ಒಣಗೇ ಇತ್ತು. ನಡುವೆ ಒಂದು ಕಲೆ. ಇಟ್ಟಂಗಿ ಪುಡಿ ಉದುರಿಸಿದ ಹಾಗೆ, ಕೇಸರಿ ಕೆಂಪು. ನಾನು ರಕ್ತ ಅಂತ ತಿಳಿದೆ. ಕೈ ನಡುಗಿ ಗಾಡಿ ಓಡಿಸೋದು ಆಗಲಿಲ್ಲ, ತಮ್ಮ ಓಡಿಸಿದ. ದಾವಣಗೆರೆಯಲ್ಲಿ ಮಕ್ಕಳ ಆಸ್ಪತ್ರೆಗೆ ಹೋದೆವು. ಡಾಕ್ಟರ್ ನೆತ್ತಿ ಮುಟ್ಟಿ ನೋಡಿದರು. ಒಳಗೆ ಕುಸಿದಿತ್ತು. ಅದು ರಕ್ತ ಅಲ್ಲ, ಮೈಯಲ್ಲಿ ನೀರಿನಂಶ ಇಳಿದು ಮೂತ್ರ ಗಟ್ಟಿಯಾದಾಗ ಬೀಳೋ ಉಪ್ಪಿನ ಕಲೆ ಅಂದರು. ಕೊನೆಯ ಸಲ ಹಾಲು ಕುಡಿದಿದ್ದು ಯಾವಾಗ ಅಂತ ಕೇಳಿದರು. ಎಂಟು ಗಂಟೆಗೆ. ಆಗ ಮಧ್ಯಾಹ್ನ ಮೂರೂವರೆ.

ನಾಲ್ಕು ದಿನ ಒಳಗೆ ಇಟ್ಟುಕೊಂಡರು. ತೊಟ್ಟಿಲ ದಿನ ಮಗ ಸಲೈನ್ ಹಾಕಿಸಿಕೊಂಡು ಮಲಗಿದ್ದ. ಕೈ ಎಷ್ಟು ಸಣ್ಣದು ಅಂದ್ರೆ, ಸೂಜಿ ಅಲುಗಾಡಬಾರದು ಅಂತ ಬೆಂಕಿಪೆಟ್ಟಿಗೆಯಷ್ಟು ರಟ್ಟು ಇಟ್ಟು ಸುತ್ತಿದ್ದರು. ಈಗ ಅವನಿಗೆ ಆರು ವರ್ಷ, ಚೆನ್ನಾಗಿದ್ದಾನೆ. ನನಗೆ ಮಾತ್ರ ಹಿರಿಯೂರು ದಾಟುವಾಗ ಈಗಲೂ ಎದೆ ಹಿಡಿದಂತಾಗುತ್ತದೆ.

ತಂಗೀ, ಅಳೋ ಕೂಸಿಗಿಂತ ಮಲಗೇ ಇರೋ ಕೂಸಿನ ಕಡೆ ಜಾಸ್ತಿ ಲಕ್ಷ್ಯ ಇರಲಿ.

ಸಪ್ತಾಪುರ ಅಜ್ಜಿ

ಅಪ್ಪಾ, ಓದಿ ಕಣ್ಣಲ್ಲಿ ನೀರು ಬಂತು. ನಮ್ಮ ಕಾಲದಲ್ಲಿ ಕೂಸು ಮನೆಯ ತೊಟ್ಟಿಲಲ್ಲಿ ಮಲಗುತ್ತಿತ್ತು. ಹಸಿವಾದರೆ ತಾನೇ ಏಳುತ್ತಿತ್ತು. ಗಾಡಿಯಲ್ಲಿ ಹಾಗಲ್ಲ ಅಂತ ನನಗೆ ಗೊತ್ತಿರಲಿಲ್ಲ. ನರ್ಸಕ್ಕ, ಇದು ಹೇಗೆ? ಸ್ವಲ್ಪ ಬಿಡಿಸಿ ಹೇಳು.

ಹುಬ್ಬಳ್ಳಿ ನರ್ಸಕ್ಕ

ಅಜ್ಜೀ, ನಿಮ್ಮ ಮಾತು ದೊಡ್ಡ ಮಕ್ಕಳಿಗೆ ಸರಿ. ಒಂದು ತಿಂಗಳೂ ತುಂಬದ ಕೂಸಿನ ಹೊಟ್ಟೆ ಬಹಳ ಸಣ್ಣದು. ದಿನಕ್ಕೆ 8ರಿಂದ 12 ಸಲ ಕುಡಿಯಬೇಕು. ಗಾಡಿಯ ತೂಗಾಟ, ಇಂಜಿನ್ನಿನ ಒಂದೇ ಸಮನೆ ಸದ್ದು, ಇದು ತೊಟ್ಟಿಲು ತೂಗಿದ ಹಾಗೇ. ಹಸಿವಿದ್ದರೂ ಕೂಸು ಏಳಲ್ಲ. ಏಳದಿದ್ದರೆ ಕುಡಿಯಲ್ಲ. ಕುಡಿಯದಿದ್ದರೆ ಮೈ ಸೋಲುತ್ತದೆ. ಸೋತ ಕೂಸು ಇನ್ನೂ ಜಾಸ್ತಿ ಮಲಗುತ್ತದೆ. ನೋಡುವವರಿಗೆ ಅದು ನಿದ್ದೆಯ ಹಾಗೇ ಕಾಣುತ್ತದೆ. ಬಿಸಿಲು ಸೇರಿದರೆ ಇದೆಲ್ಲ ಬೇಗ ಆಗುತ್ತದೆ. ಕಾಮಾಲೆ ಇರೋ ಕೂಸಿಗಂತೂ ಇನ್ನೂ ಬೇಗ.

ಅದಕ್ಕೆ ದಾರಿಯಲ್ಲಿ ಗಡಿಯಾರ ನೋಡಿ ಕುಡಿಸಬೇಕು. ಎರಡು, ಎರಡೂವರೆ ತಾಸಿಗೊಮ್ಮೆ. ಊರು ಬಂತು, ಇನ್ನು ಹತ್ತು ಕಿಲೋಮೀಟರ್ ಅಂತ ಮುಂದೂಡಬಾರದು. ಎಬ್ಬಿಸೋದು ಹೇಗೆ? ಮೊದಲು ಕುಂಚಿಗೆ, ದುಪ್ಪಟಿ ಬಿಚ್ಚು. ಬೆಚ್ಚಗೆ ಸುತ್ತಿದ ಕೂಸು ಏಳಲ್ಲ. ಡೈಪರ್ ಬದಲಿಸು. ಅಂಗಾಲಿಗೆ ಬೆರಳಿನಿಂದ ತಿಕ್ಕು. ಒದ್ದೆ ಬಟ್ಟೆಯಿಂದ ಮುಖ ಒರೆಸು. ಒಂದೆರಡು ಹನಿ ಹಾಲು ಹಿಂಡಿ ತುಟಿಗೆ ಹಚ್ಚು. ಎಷ್ಟು ಮಾಡಿದರೂ ಕಣ್ಣು ಬಿಡಲಿಲ್ಲ, ಚೀಪಲಿಲ್ಲ ಅಂದ್ರೆ ಅದು ನಿದ್ದೆ ಅಲ್ಲ. ಆಸ್ಪತ್ರೆಗೆ ಹೋಗಲೇಬೇಕು.

ಒದ್ದೆ ಡೈಪರ್ ಎಣಿಸು. ಈ ವಯಸ್ಸಿಗೆ 24 ತಾಸಿನಲ್ಲಿ ಕನಿಷ್ಠ ಆರು ಸಲ ಮೂತ್ರ ಆಗಬೇಕು. ಉಸಿರು ನಿಮಿಷಕ್ಕೆ 60 ಮೀರಿದರೆ, ಉಸಿರು ಎಳೆಯುವಾಗ ಎದೆ ಗುಳಿ ಬಿದ್ದರೆ, ಅಂಗೈ ಅಂಗಾಲು ಹಳದಿ ಆದರೆ, ಜ್ವರ 100.4 ಡಿಗ್ರಿ ಮುಟ್ಟಿದರೆ, ಮೈ ತಣ್ಣಗಾದರೆ, ಇದರಲ್ಲಿ ಒಂದೇ ಕಂಡರೂ ಗಾಡಿ ಆಸ್ಪತ್ರೆಗೆ. ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ನಾಲ್ಕೂ ಜಿಲ್ಲಾ ಕೇಂದ್ರ. ಜಿಲ್ಲಾ ಆಸ್ಪತ್ರೆಯಲ್ಲಿ ಎಳೆ ಕೂಸಿಗೆ ಬೇರೆ ಘಟಕವೇ ಇರುತ್ತದೆ. ದಾವಣಗೆರೆಯಲ್ಲಿ ಚಿಗಟೇರಿ ಆಸ್ಪತ್ರೆ ಅಂತ ಕೇಳಿದರೆ ಯಾರಾದರೂ ತೋರಿಸುತ್ತಾರೆ. 108 ನಂಬರ್ ನೆನಪಿರಲಿ.

ಅಜ್ಜೀ, ನೀರಿನ ಬಗ್ಗೆ ಕೂಡ ಒಂದು ಮಾತು. ಆರು ತಿಂಗಳ ತನಕ ಎದೆ ಹಾಲೇ ಸಾಕು, ಬೇಸಿಗೆಯಲ್ಲೂ ಅಷ್ಟೇ. ಹಾಲಿನಲ್ಲೇ ಬೇಕಾದಷ್ಟು ನೀರು ಇರುತ್ತದೆ. ಕೂಸಿಗೆ ನೀರು ಕುಡಿಸಿದರೆ ಅಷ್ಟು ಹಾಲು ಕಡಿಮೆ ಕುಡಿಯುತ್ತದೆ. ಆ ನೀರನ್ನು ತಾಯಿ ಕುಡಿಯಲಿ.

ಮುಳಗುಂದದ ಮಗಳು

ಎಲ್ಲ ಓದಿದೆ. ಅಣ್ಣಾ, ನೀವು ಬರೆದಿದ್ದನ್ನು ಇವರಿಗೂ ಓದಿ ಹೇಳಿದೆ. ನಾಳೆ ಡಾಕ್ಟರ್ ಹತ್ತಿರ ಹೋಗುತ್ತೇವೆ. ಕಾರಿನಲ್ಲೇ ಬರೋಣ ಅಂತ ಮನಸ್ಸಾಗಿದೆ, ಬೇಕಾದಲ್ಲಿ ನಿಲ್ಲಿಸಬಹುದು ಅಲ್ವಾ? ಕಾರು ಬಾಡಿಗೆಯದು. ಕೂಸನ್ನು ಹೇಗೆ ಕೂರಿಸಬೇಕು, ಯಾವ ಹೊತ್ತಿಗೆ ಬಿಡಬೇಕು, ಅದು ಗೊತ್ತಾಗುತ್ತಿಲ್ಲ.

ಹಾವೇರಿ ಟ್ಯಾಕ್ಸಿ ಅಣ್ಣ

ತಂಗೀ, ಈ ದಾರಿ ನನಗೆ ಮನೆಯ ಅಂಗಳ ಇದ್ದ ಹಾಗೆ. 14 ವರ್ಷದಿಂದ ಬೆಂಗಳೂರು ಬಾಡಿಗೆ ಓಡಿಸುತ್ತಿದ್ದೇನೆ. ಬಾಣಂತಿಯರನ್ನು ಎಷ್ಟು ಸಲ ತವರಿಗೆ ಬಿಟ್ಟಿದ್ದೇನೋ ಲೆಕ್ಕ ಇಲ್ಲ.

ರಾತ್ರಿ ಬಿಡಬೇಡ. ಕೂಸು ಮಲಗಿರುತ್ತದೆ, ಬಿಸಿಲು ಇರಲ್ಲ ಅಂತ ಬಹಳ ಜನ ರಾತ್ರಿ ಹೊರಡುತ್ತಾರೆ. ಆದರೆ ಬೆಳಗಿನ ಜಾವ ಮೂರರಿಂದ ಐದರವರೆಗೆ ಡ್ರೈವರ್ ಕಣ್ಣು ಎಳೆಯುತ್ತದೆ. ನಿಲ್ಲಿಸಿದ ಲಾರಿ ಕತ್ತಲಲ್ಲಿ ಕಾಣಲ್ಲ. ಡ್ರೈವರ್ ರಾತ್ರಿ ಪೂರ್ತಿ ಮಲಗಿ, ನಾಲ್ಕೂವರೆ ಐದಕ್ಕೆ ಬಿಟ್ಟರೆ ಬಿಸಿಲು ಏರೋದರೊಳಗೆ ಅರ್ಧಕ್ಕಿಂತ ಜಾಸ್ತಿ ದಾರಿ ಮುಗಿಯುತ್ತದೆ. 80ರ ಮೇಲೆ ಓಡಿಸಬೇಡ ಅಂತ ಮೊದಲೇ ಹೇಳಿಬಿಡು. ನಮಗೆ ಬೇಜಾರಾಗಲ್ಲ.

ಮುಂದಿನ ಸೀಟಿನಲ್ಲಿ ಕೂಸು ಎತ್ತಿಕೊಂಡು ಕೂರಲೇಬೇಡ. ಏರ್‌ಬ್ಯಾಗ್ ಬಿಚ್ಚಿದರೆ ಕೂಸಿಗೇ ಬಡಿಯುತ್ತದೆ. ಹಿಂದೆ ಕೂತು ನೀನು ಬೆಲ್ಟ್ ಹಾಕಿಕೋ. ಕೂಸನ್ನು ಬೆಲ್ಟಿನ ಒಳಗೆ ಸೇರಿಸಿ ಹಾಕಬೇಡ, ಬ್ರೇಕ್ ಹಾಕಿದರೆ ನಿನ್ನ ಭಾರ ಪೂರ್ತಿ ಅದರ ಮೇಲೆ ಬೀಳುತ್ತದೆ. ನಿಜ ಹೇಳಬೇಕು ಅಂದ್ರೆ ಎತ್ತಿಕೊಳ್ಳೋದೇ ಭದ್ರ ಅಲ್ಲ. ಹಿಂದಕ್ಕೆ ಮುಖ ಮಾಡಿ ಕಟ್ಟೋ ಕೂಸಿನ ಸೀಟು ಸಿಗುತ್ತದೆ. ಬೆಂಗಳೂರಲ್ಲಿ ಬಾಡಿಗೆಗೂ ಕೊಡುತ್ತಾರೆ. 2019ರ ತಿದ್ದುಪಡಿ ಆದ ಮೇಲೆ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಇಲ್ಲವೇ ಮಕ್ಕಳ ಸೀಟು ಇಲ್ಲದಿದ್ದರೆ 1,000 ರೂಪಾಯಿ ದಂಡ. ದಂಡದ ಮಾತು ಬಿಡು, ಕೂಸಿಗಾಗಿ ತಗೋ.

ಹಿಂದಿನ ಗಾಜಿನ ಹತ್ತಿರ ಡಬ್ಬಿ, ಥರ್ಮಾಸು ಇಡಬೇಡ. ಬ್ರೇಕ್ ಬಿದ್ದರೆ ಅದು ಹಾರಿ ಬರುತ್ತದೆ. ಓಡೋ ಗಾಡಿಯಲ್ಲಿ ಹಾಲು ಕುಡಿಸಬೇಡ, ನಿಲ್ಲಿಸಿ ಕುಡಿಸು. ಹೆದ್ದಾರಿ ಬದಿ ಬೇಡ, ಪೆಟ್ರೋಲ್ ಬಂಕ್ ಒಳಗೋ ಹೋಟೆಲ್ ಅಂಗಳಕ್ಕೋ ಹೋಗಲಿ. ಡ್ರೈವರ್ ಇಳಿದು ದೂರ ಚಹಾ ಕುಡಿಯುತ್ತಾನೆ, ನೀನು ಸಂಕೋಚ ಪಡಬೇಡ.

ಒಂದೇ ದಿನಕ್ಕೆ ಬರಲೇಬೇಕಾ? ದಾವಣಗೆರೆಯಲ್ಲಿ ಯಾರಾದರೂ ನಿಮ್ಮವರು ಇದ್ದರೆ ಒಂದು ರಾತ್ರಿ ಉಳಿ. ಅಲ್ಲಿಗೆ 260 ಕಿಲೋಮೀಟರ್ ಆಗುತ್ತದೆ. ಮರುದಿನ ಬೆಳಗ್ಗೆ ಹೊರಟರೆ ಬಿಸಿಲಿಗೆ ಮೊದಲು ಊರು. ಸವಣೂರು, ಲಕ್ಷ್ಮೇಶ್ವರದ ಕಡೆ ಹಂಪ್ ಜಾಸ್ತಿ, ಹೊಟ್ಟೆಗೆ ದಿಂಬು ಒತ್ತಿಕೋ.

ಹಿರೇಕೆರೂರು ತಾಯಿ

ಟ್ಯಾಕ್ಸಿ ಅಣ್ಣ ಹೇಳಿದ ಸೀಟಿನ ಬಗ್ಗೆ ಒಂದು ಮಾತು. ಅದರಲ್ಲೂ ಕೂಸನ್ನು ಎರಡು ತಾಸಿಗಿಂತ ಜಾಸ್ತಿ ಬಿಡಬಾರದು. ಗದ್ದ ಎದೆಗೆ ತಾಗಿ ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಯಾರಾದರೂ ಪಕ್ಕದಲ್ಲೇ ಕೂತು ಕುತ್ತಿಗೆ ನೋಡುತ್ತಿರಬೇಕು. ದಿನ ತುಂಬದೆ ಹುಟ್ಟಿದ ಕೂಸಾದರೆ ಡಾಕ್ಟರನ್ನು ಕೇಳದೆ ಕೂರಿಸಲೇಬೇಡಿ.

ನನ್ನದು ಎಂಟನೇ ತಿಂಗಳಿಗೇ ಹುಟ್ಟಿತ್ತು. ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ 19 ದಿನ ಇದ್ದೆವು. ಮನೆಗೆ ಕಳಿಸುವಾಗ 1 ಕೆಜಿ 900 ಗ್ರಾಂ. ಸರ್ಕಾರದ ನಗು-ಮಗು ಗಾಡಿಯಲ್ಲಿ ಬಿಟ್ಟು ಬಂದರು, ಒಂದು ರೂಪಾಯಿ ತಗೊಳ್ಳಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಆದವರಿಗೆ ಮನೆ ತನಕ ಬಿಡೋದು ಉಚಿತ. 2011ರಿಂದಲೇ ಇದೆ. ಕೇಳಿ ಪಡೆಯಿರಿ. ದಾರಿ ಪೂರ್ತಿ ಕೂಸು ನನ್ನ ಎದೆಯ ಚರ್ಮಕ್ಕೆ ಅಂಟಿಕೊಂಡೇ ಇತ್ತು, ಮೇಲೆ ಅವ್ವನ ಹಳೇ ಸೀರೆಯ ಕೌದಿ. ಅದರ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಆ ಉಸಿರು ಎಣಿಸುತ್ತಾ ಬಂದೆ.

ಗದಗ ಆಶಾ

ತಂಗೀ, ನಾನು ಗದಗ ತಾಲ್ಲೂಕಿನಲ್ಲಿ ಆಶಾ ಕಾರ್ಯಕರ್ತೆ. ತಾಯಿ ಕಾರ್ಡ್ ಮರೆಯಬೇಡ. ಕೂಸಿಗೆ ಹುಟ್ಟಿದಾಗ ಹಾಕಿದ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ ಎಲ್ಲ ಅದರಲ್ಲಿ ಬರೆದಿರಬೇಕು. ಮುಂದಿನದು ಆರು ವಾರಕ್ಕೆ. ಅದನ್ನು ಮುಳಗುಂದದಲ್ಲೇ ಹಾಕಿಸಬಹುದು, ಬೆಂಗಳೂರಿಗೆ ಓಡಬೇಕಿಲ್ಲ. ಬಂದ ತಕ್ಷಣ ನಿಮ್ಮ ಓಣಿಯ ಆಶಾಗೆ ಹೇಳಿ ಕಳಿಸು. ನಾವು 28ನೇ ದಿನಕ್ಕೆ, 42ನೇ ದಿನಕ್ಕೆ ಮನೆಗೆ ಬಂದು ತೂಕ ಹಾಕಿ ನೋಡುತ್ತೇವೆ. ಕೂಸು ಬೇರೆ ಊರಲ್ಲಿ ಹುಟ್ಟಿದ್ದು ಅಂತ ಬಿಡಲ್ಲ. ಆದರೆ ಹೇಳದಿದ್ದರೆ ನಮಗೆ ಗೊತ್ತಾಗಲ್ಲ.

ಜನನ ಪತ್ರ ಹುಟ್ಟಿದ ಊರಲ್ಲೇ ಆಗೋದು. ನೋಂದಣಿ 21 ದಿನದೊಳಗೆ ಆಗಿರಬೇಕು. ಆಸ್ಪತ್ರೆಯವರು ಕಳಿಸಿದ್ದಾರಾ ಕೇಳಿಕೊಂಡೇ ಹೊರಡು.

ಬಂದ ಮೇಲೆ ಓಣಿಯವರೆಲ್ಲ ನೋಡಲು ಬರುತ್ತಾರೆ, ಎತ್ತಿಕೊಳ್ಳುತ್ತಾರೆ, ಮುತ್ತು ಕೊಡುತ್ತಾರೆ. ನೆಗಡಿ ಕೆಮ್ಮು ಇದ್ದವರನ್ನು ಬಾಗಿಲಲ್ಲೇ ನಿಲ್ಲಿಸಲು ಅವ್ವನಿಗೆ ಹೇಳು. ಕಾಡಿಗೆ ಕಣ್ಣಿಗೆ ಬೇಡ. ದೃಷ್ಟಿ ಬೊಟ್ಟು ಅಂಗಾಲಿಗೆ ಇಟ್ಟರೂ ಆಗುತ್ತದೆ.

ಮುಳಗುಂದದ ಮಗಳು

ಅಕ್ಕಾರೇ, ಅಣ್ಣಾರೇ, ಅಜ್ಜೀ, ಬಂದು ಮುಟ್ಟಿದೆವು. ನಿನ್ನೆ ಬೆಳಗ್ಗೆ ಹತ್ತೂವರೆಗೆ. ಈಗ ಅವ್ವ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಾಳೆ, ನನಗೆ ಬರೆಯಲು ಪುರುಸೊತ್ತು ಸಿಕ್ಕಿದೆ.

ಡಾಕ್ಟರ್ ಇಬ್ಬರನ್ನೂ ನೋಡಿದರು. ಕೂಸು ಹುಟ್ಟಿದಾಗ 2 ಕೆಜಿ 800 ಇತ್ತು, ಈಗ 3 ಕೆಜಿ 300. ನನ್ನ ಬಿಪಿ ಸ್ವಲ್ಪ ಜಾಸ್ತಿ ಇತ್ತು, ಮಾತ್ರೆ ಕೊಟ್ಟು ಮೂರು ದಿನ ಬಿಟ್ಟು ಹೊರಡಿ ಅಂದರು. ಆ ಮೂರು ದಿನ ಇವರು ರಜೆ ಹಾಕಿದರು. ದಾವಣಗೆರೆಯಲ್ಲಿ ನಮ್ಮ ಚಿಕ್ಕಮ್ಮನ ಮನೆ ಇದೆ. ಅಲ್ಲಿ ಉಳಿಯೋದು ಅಂತ ಆಯಿತು. ಎಲ್ಲರೂ ಒಂದೇ ದಿನಕ್ಕೆ ಬಾ ಅಂತ ಹೇಳುತ್ತಿದ್ದರು. ಟ್ಯಾಕ್ಸಿ ಅಣ್ಣ ಹೇಳದಿದ್ದರೆ ಎರಡು ದಿನ ಮಾಡಬಹುದು ಅಂತ ನಮಗೆ ಹೊಳೆಯುತ್ತಲೇ ಇರಲಿಲ್ಲ.

ಐದಕ್ಕೆ ಹತ್ತು ನಿಮಿಷ ಇರುವಾಗ ಹಾಲು ಕುಡಿಸಿ ಬಿಟ್ಟೆವು. ಸೀಟು ಬಾಡಿಗೆಗೆ ಸಿಕ್ಕಿತು. ನಾನು ಪಕ್ಕದಲ್ಲೇ ಕೂತು ಅವಳ ಕುತ್ತಿಗೆ ನೋಡುತ್ತಿದ್ದೆ. ಇವರು ಮೊಬೈಲಿನಲ್ಲಿ ಎರಡು ತಾಸಿಗೊಂದು ಅಲಾರಂ ಇಟ್ಟಿದ್ದರು. ಶಿರಾ ಹತ್ತಿರ ಮೊದಲ ಸಲ ಬಡಿಯಿತು. ಬಂಕ್ ಒಳಗೆ ನಿಲ್ಲಿಸಿದೆವು. ತಾನೇ ಎದ್ದು ಕುಡಿದಳು.

ಎರಡನೇ ಸಲ ಚಿತ್ರದುರ್ಗದ ಹತ್ತಿರ. ಅಲ್ಲಿ ನನಗೆ ಬಹಳ ಹೆದರಿಕೆ ಆಯಿತು. ಏಳಲೇ ಇಲ್ಲ. ಕುಲಾವಿ ತೆಗೆದೆ, ಕುಂಚಿಗೆ ಬಿಚ್ಚಿದೆ. ಡೈಪರ್ ಬದಲಿಸಿದೆ, ಒದ್ದೆ ಇತ್ತು. ಅಂಗಾಲು ತಿಕ್ಕಿದೆ. ಬೆರಳು ಸ್ವಲ್ಪ ಬಿಡಿಸಿದಳು, ಮತ್ತೆ ಮುಷ್ಟಿ ಕಟ್ಟಿ ಮಲಗಿದಳು. ರಾಣೇಬೆನ್ನೂರು ಅಣ್ಣ ಬರೆದಿದ್ದೇ ಕಣ್ಣ ಮುಂದೆ. ಇವರು ಕರ್ಚೀಫು ನೆನೆಸಿ ತಂದರು. ಹಣೆ, ಕೆನ್ನೆ ಒರೆಸಿದೆ. ಮುಖ ಸಿಂಡರಿಸಿದಳು. ಹಾಲು ಹಿಂಡಿ ತುಟಿಗೆ ಹಚ್ಚಿದೆ. ನಾಲಿಗೆ ತೆಗೆದು ನೆಕ್ಕಿದಳು. ಆಮೇಲೆ ಒಮ್ಮೆಗೇ ಬಾಯಿ ಅಗಲಿಸಿ ಹಿಡಿದುಕೊಂಡಳು. ಗಡಿಯಾರ ನೋಡಿದರೆ 15 ನಿಮಿಷ ಆಗಿತ್ತು. ಪೂರ್ತಿ 20 ನಿಮಿಷ ಕುಡಿದಳು. ಗಟಕ್ ಗಟಕ್ ಅಂತ ನುಂಗೋದು ಕೇಳುತ್ತಿತ್ತು. ಡ್ರೈವರ್ ತಮ್ಮ ಬೇವಿನ ಮರದ ಕೆಳಗೆ ಕೂತಿದ್ದ. ಅಕ್ಕಾ ಅವಸರ ಮಾಡಬೇಡ ಅಂತ ಕೂಗಿ ಹೇಳಿದ.

ಹತ್ತೂವರೆಗೆಲ್ಲ ಚಿಕ್ಕಮ್ಮನ ಮನೆ. ಬಿಸಿ ನೀರು, ಅಳವಿ ಪಾಯಸ, ಸಂಜೆ ತನಕ ನಿದ್ದೆ. ಮರುದಿನ ಆರಕ್ಕೆ ಬಿಟ್ಟೆವು. ಹರಿಹರದ ಹೊಳೆ ಬಂದಾಗ ಅಜ್ಜಿ ಹೇಳಿದ ಹಾಗೆ ಕೈ ಮುಗಿದೆ. ಅರಿಶಿನ ಕುಂಕುಮ ಕಟ್ಟಿ ಇಟ್ಟುಕೊಂಡಿದ್ದೇನೆ, ಮೂರು ತಿಂಗಳಿಗೆ ವಾಪಸ್ ಹೋಗುವಾಗ ಹೊಳೆಗೆ ಇಳಿದು ಬಿಡುತ್ತೇನೆ. ಅತ್ತೆಗೆ ಫೋನ್ ಮಾಡಿ ಹೇಳಿದೆ. ಸರಿ ಮಗಾ, ದಾಟಿದಿರಲ್ಲ, ಸಾಕು ಅಂದರು.

ಲಕ್ಷ್ಮೇಶ್ವರ ದಾಟಿದ ಮೇಲೆ ರಸ್ತೆಯ ಹಂಪ್ ಹತ್ತಿಳಿಯುವಾಗ ಹೊಲಿಗೆ ಎಳೆಯಿತು. ದಿಂಬು ಇದ್ದಿದ್ದಕ್ಕೆ ತಡೆದೆ. ಮನೆ ಮುಂದೆ ಗಾಡಿ ನಿಂತಾಗ ಅವ್ವ ಹೊಸ್ತಿಲಲ್ಲೇ ನಿಲ್ಲಿಸಿದಳು. ರೊಟ್ಟಿ ತುಂಡು ನಿವಾಳಿಸಿ ಎರಡೂ ಕಡೆ ಒಗೆದಳು, ತಂಬಿಗೆ ನೀರು ಎತ್ತಿ ಚೆಲ್ಲಿದಳು. ಒಳಗೆ ಅಪ್ಪ ಕಾಲಿಗೆ ಪಟ್ಟಿ ಕಟ್ಟಿಕೊಂಡು ಹೊರಸಿನ ಮೇಲೆ ಕೂತಿದ್ದರು. ಎದ್ದು ಬರಲು ಆಗಲ್ಲ. ಎರಡೂ ಕೈ ಚಾಚಿದರು. ಕೂಸನ್ನು ಅವರ ತೊಡೆಯ ಮೇಲೆ ಇಟ್ಟೆ. ಅಪ್ಪ ಮೊದಲು ಕೇಳಿದ್ದು, ಹಾಲು ಕುಡಿದು ಎಷ್ಟು ಹೊತ್ತಾಯಿತು ಅಂತ. ಅವ್ವ ಇದನ್ನೆಲ್ಲ ಅವರಿಗೆ ಓದಿ ಹೇಳಿದ್ದಳಂತೆ.

ಆಶಾ ಅಕ್ಕ ಇವತ್ತು ಬೆಳಗ್ಗೆ ಬಂದು ತೂಕ ಹಾಕಿ ಹೋದರು. 3 ಕೆಜಿ 420.

ರಾಣೇಬೆನ್ನೂರು ಅಪ್ಪ

ತಂಗೀ, ಚಿತ್ರದುರ್ಗದ ಆ 15 ನಿಮಿಷ ಓದುವಾಗ ಉಸಿರು ಹಿಡಿದು ಕೂತಿದ್ದೆ. ನನ್ನ ಹೆಂಡತಿಗೂ ಓದಿ ಹೇಳಿದೆ. ಕೂಸಿಗೆ ನಮ್ಮ ಮಗನ ಹಳೇ ಕುಂಚಿಗೆ ಕಳಿಸುತ್ತೇನೆ ಅಂತಾಳೆ. ಗದಗಕ್ಕೆ ಬರೋರು ಇದ್ದಾರೆ, ಮುಂದಿನ ವಾರ ಕೊಟ್ಟು ಕಳಿಸುತ್ತೇವೆ.

ಸಪ್ತಾಪುರ ಅಜ್ಜಿ

ಹೆಸರು ಏನಿಡುತ್ತೀರಿ ಮಗಾ?

ಮುಳಗುಂದದ ಮಗಳು

ಅಪ್ಪನ ಕಾಲು ನೆಟ್ಟಗಾದ ಮೇಲೆ ತೊಟ್ಟಿಲು, ಅಜ್ಜೀ. ಹೆಸರು ಕಿವಿಯಲ್ಲಿ ಅವರೇ ಹೇಳಬೇಕು ಅಂತಾರೆ.